ಯುದ್ಧದಿಂದ ಶುರು ಮಾಡ್ಬೇಡಿ

ಸಲಾಂ, ಒಂಬತ್ತು ವರ್ಷದ ಮಗನಿಗೆ ಇಸ್ಲಾಮಿನ ಇತಿಹಾಸ ಹೇಗೆ ಹೇಳ್ಕೊಡೋದು, ಬದ್ರ್, ಉಹುದ್ ಯುದ್ಧ ಅಂತ ಇಸವಿ ಹೇಳಿದ್ರೆ ಎದ್ದೋಗ್ತಾನೆ ಅಂತ ಕೇಳಿದೀರಲ್ಲ, ನಮ್ಮನೇಲೂ ಅದೇ ಕಥೆ. ನಾನು ಅಬಿಸೀನಿಯಾದಿಂದ (ಈಗಿನ ಇಥಿಯೋಪಿಯಾ ಕಡೆ) ಶುರು ಮಾಡ್ದೆ. ಮಕ್ಕಾದಲ್ಲಿ ಕಿರುಕುಳ ತಡೀಲಾರ್ದೆ 615ರ ಸುಮಾರಿಗೆ ಒಂದಷ್ಟು ಸಹಾಬಿಗಳು, ಅಂದ್ರೆ ಪ್ರವಾದಿಯವರ ಸಂಗಾತಿಗಳು, ಸಮುದ್ರ ದಾಟಿ ಅಲ್ಲಿಗೆ ಹೋದ್ರು, ಮಕ್ಕಾದ ಕುರೈಶ್ ಬುಡಕಟ್ಟಿನೋರು ಉಡುಗೊರೆ ಹಿಡ್ಕೊಂಡು ಬಂದು ಇವ್ರನ್ನ ವಾಪಸ್ ಕೊಡಿ ಅಂದ್ರೂ ಅಲ್ಲಿನ ಕ್ರೈಸ್ತ ದೊರೆ ನಜ್ಜಾಶಿ ಕೊಡ್ಲಿಲ್ಲ, ಹೋದವರಲ್ಲಿ ಒಬ್ರಾದ ಜಾಫರ್ ಅವರು ಕುರ್‌ಆನಿನ ಸೂರಾ ಮರ್ಯಮ್ ಓದಿದಾಗ ದೊರೆ ಅತ್ತೇಬಿಟ್ರು ಅಂತ ಸೀರಾದಲ್ಲಿ (ಪ್ರವಾದಿಯವರ ಜೀವನಚರಿತ್ರೇಲಿ) ಬರುತ್ತೆ. ನನ್ ಮಗಳು "ಆ ರಾಜ ನಮ್ಮೋರಲ್ವಲ್ಲ, ಮತ್ಯಾಕೆ ಕಾಪಾಡಿದ್ರು?" ಅಂದ್ಲು. ಅದ್ರಲ್ಲೇ ಒಂದು ವಾರ ಕಳೀತು!

ಆಮೇಲೆ ರಜೆಗೆ ವಿಜಯಪುರಕ್ಕೆ ಕರ್ಕೊಂಡು ಹೋಗಿ. ಗೋಳಗುಮ್ಮಟದಲ್ಲಿ ಕೂಗೋದು ಇದ್ದಿದ್ದೇ, ಇಬ್ರಾಹಿಂ ರೋಜಾನೂ ತೋರ್ಸಿ. ಅಲ್ಲಿ ಸಮಾಧಿಯಾಗಿರೋ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾ (ಆಳಿದ್ದು 1580–1627) ಜಗದ್ಗುರು ಅಂತ ಹೆಸರಾದವ್ನು, ಅವನ ಹಾಡಿನ ಪುಸ್ತಕದಲ್ಲಿ ಸರಸ್ವತಿ ಸ್ತುತಿ ಇದೆ. ಮುಸ್ಲಿಂ ರಾಜ ಹೀಗೆ ಮಾಡ್ಬೋದಾ ಅಂತ ಮಗ ಕೇಳೇ ಕೇಳ್ತಾನೆ, ಬಾಯಿ ಮುಚ್ಚಿಸ್ಬೇಡಿ, ಸುಲ್ತಾನರು ಮಾಡಿದ್ದೆಲ್ಲ ದೀನ್ (ಧರ್ಮ) ಅಲ್ಲ, ಒಳ್ಳೇದೂ ಕೆಟ್ಟದ್ದೂ ಎರಡೂ ಇತ್ತು ಅಂತ ಅಲ್ಲೇ ಹೇಳ್ಬಿಡಿ.

ಇನ್ನು ಪಾಠ ಒಪ್ಪಿಸ್ದೇ ಇದ್ರೆ ಅವ್ರಪ್ಪ ಗದರ್ತಾರೆ ಅಂದ್ರಲ್ಲ, ಮಕ್ಕಳ ಮೇಲೆ ಜಬರ್ದಸ್ತಿ ಮಾಡಿದ್ರೆ ಸುಳ್ಳು ಹೇಳೋದು ಕಲೀತಾರೆ ಅಂತ ಇತಿಹಾಸಕಾರ ಇಬ್ನ್ ಖಲ್ದೂನ್ 14ನೇ ಶತಮಾನದಲ್ಲೇ ಬರ್ದಿದ್ರು, ಅದನ್ನ ಅವ್ರಿಗೆ ಓದಿ ಹೇಳಿ 😄