ಈರುಳ್ಳಿಯ ಕೋಶದಲ್ಲಿ ಹಸಿರು ಕಣಗಳು ಏಕಿಲ್ಲ?

ಪ್ರಶ್ನೆ: ಈರುಳ್ಳಿಯ ತೆಳುಪೊರೆಗೆ ಅಯೋಡಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಇಟ್ಟಿಗೆ ಜೋಡಿಸಿದಂಥ ಕೋಶಗಳು ಕಂಡವು, ಹಸಿರು ಕಣ ಒಂದೂ ಇಲ್ಲ. ಪುಸ್ತಕದ ಚಿತ್ರದಲ್ಲಿ ಕ್ಲೋರೋಪ್ಲಾಸ್ಟ್ (ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣ), ಮೈಟೊಕಾಂಡ್ರಿಯ (ಶಕ್ತಿ ಬಿಡಿಸುವ ಕಣ), ರಸದಾನಿ (ರಸ ತುಂಬಿದ ಚೀಲ) ಎಲ್ಲವೂ ಇವೆಯಲ್ಲ?

ಉತ್ತರ: ನೀವು ಕಂಡದ್ದು ಸರಿಯಾಗಿಯೇ ಇದೆ. ಪುಸ್ತಕದ ಚಿತ್ರ ಹಲವು ಬಗೆಯ ಕೋಶಗಳ ಭಾಗಗಳನ್ನು ಒಂದೆಡೆ ಸೇರಿಸಿ ಬರೆದದ್ದು. ನಿಜವಾದ ಕೋಶದಲ್ಲಿ ಅದರ ಕೆಲಸಕ್ಕೆ ಬೇಕಾದಷ್ಟೇ ಇರುತ್ತದೆ. ಈರುಳ್ಳಿಯ ಗಡ್ಡೆ ಆಹಾರ ಕೂಡಿಡುವ ಎಲೆಗಳ ಕಟ್ಟು. ಬೆಳಕು ತಾಗದ ಆ ಎಲೆಗಳಿಗೆ ಕ್ಲೋರೋಪ್ಲಾಸ್ಟ್ ಬೇಕಿಲ್ಲ. ಆಲೂಗಡ್ಡೆಯಲ್ಲಿ ಅದೇ ಕುಲದ ಕಣಗಳು ಪಿಷ್ಟ ತುಂಬಿಕೊಂಡು ಅಯೋಡಿನ್‌ಗೆ ಕಡುನೀಲಿಯಾಗುತ್ತವೆ. ಬೆಳಕಿನಲ್ಲಿಟ್ಟ ಆಲೂಗಡ್ಡೆ ಹಸಿರಾಗುವುದು ಅವು ಕ್ಲೋರೋಪ್ಲಾಸ್ಟ್‌ಗಳಾಗಿ ಮಾರ್ಪಡುವುದರಿಂದ.

ಹಸಿರು ಕಣ ನೋಡಲು ಹೈಡ್ರಿಲ್ಲಾ ಎಂಬ ನೀರುಗಿಡದ ಎಳೆಯ ಎಲೆಯನ್ನು ಬರೀ ನೀರಿನಲ್ಲಿಡಿ. ಎಲೆ ಎರಡೇ ಕೋಶದಷ್ಟು ದಪ್ಪ, ಕೊಯ್ಯುವ ಕಷ್ಟವಿಲ್ಲ. ಮೇಲೆ ಮುಚ್ಚುವ ತೆಳುಗಾಜಿನ, ಅಂದರೆ ಕವರ್‌ಸ್ಲಿಪ್‌ನ, ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ ಮೆಲ್ಲಗೆ ಇಳಿಸಿ. ಒಮ್ಮೆಲೇ ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಕಪ್ಪು ಅಂಚಿನ ಆ ದುಂಡನೆಯ ಗುಳ್ಳೆಯನ್ನೇ ಕೋಶವೆಂದು ಬರೆದುಕೊಳ್ಳುವವರು ಬಹಳ. 400 ಪಟ್ಟು ಹಿಗ್ಗಿಸಿದರೆ, ನಡುನರದ ಪಕ್ಕದ ಕೋಶಗಳಲ್ಲಿ ಹಸಿರು ಕಣಗಳು ಗೋಡೆಯ ಗುಂಟ ಸಾಲಾಗಿ ಹರಿಯುವುದು ಕಾಣುತ್ತದೆ. ಎಷ್ಟು ಸಲ ನೋಡಿದರೂ ಸಾಲದ ನೋಟವಿದು! ಹರಿವು ನಿಂತಿದ್ದರೆ ದೀಪದ ಬೆಳಕಿನಲ್ಲಿ ಕೆಲವು ನಿಮಿಷ ಇಟ್ಟು ನೋಡಿ. ಅಯೋಡಿನ್ ಮಾತ್ರ ಬೇಡ, ಕೋಶ ಸಾಯುತ್ತದೆ, ಹರಿವು ನಿಲ್ಲುತ್ತದೆ.

ಅವು ಅಂಚಿನಲ್ಲೇ ಏಕೆ ಸಾಗುತ್ತವೆ? ನಡುವಿನ ಜಾಗವನ್ನೆಲ್ಲ ರಸದಾನಿ ಹಿಡಿದಿರುತ್ತದೆ. ಬಲಿತ ಸಸ್ಯಕೋಶದ ಗಾತ್ರದಲ್ಲಿ ಅದರ ಪಾಲು ಹಲವು ಸಲ 80–90% ಇರುತ್ತದೆ. ಅದು ತುಂಬಿ ಒಳಗಿನಿಂದ ಒತ್ತುವುದರಿಂದಲೇ ಎಲೆ ಸೆಟೆದು ನಿಲ್ಲುತ್ತದೆ. ಈರುಳ್ಳಿಯಲ್ಲೂ ಇದೆ, ಬಣ್ಣವಿಲ್ಲದ್ದರಿಂದ ಕಾಣಲಿಲ್ಲ. ಕೆನ್ನೀಲಿ ಈರುಳ್ಳಿಯ ಪದರದ ಹೊರಮೈ ಸಿಪ್ಪೆಯಲ್ಲಿ ಬಣ್ಣವೇ ರಸದಾನಿಯಲ್ಲಿದೆ. 100 ಮಿ.ಲೀ. ನೀರಿಗೆ 5 ಗ್ರಾಂ ಉಪ್ಪು ಕರಗಿಸಿ ಕವರ್‌ಸ್ಲಿಪ್‌ನ ಒಂದು ಬದಿಗೆ ಹನಿ ಬಿಡಿ, ಇನ್ನೊಂದು ಬದಿಯಿಂದ ಒತ್ತುಕಾಗದದಲ್ಲಿ ನೀರು ಹೀರಿಸಿ. ಬಣ್ಣದ ಭಾಗ ಕುಗ್ಗಿ ಕಡುವಾಗುತ್ತದೆ, ಕೋಶಪೊರೆ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ತಡಮಾಡದೆ ಬರೀ ನೀರು ಹಾಯಿಸಿದರೆ ಮತ್ತೆ ತುಂಬಿಕೊಳ್ಳುತ್ತದೆ.

ಮೈಟೊಕಾಂಡ್ರಿಯ ಈರುಳ್ಳಿಯಲ್ಲಿ ಖಂಡಿತ ಇದೆ. ಸಕ್ಕರೆಯಿಂದ ಶಕ್ತಿ ಬಿಡಿಸುವ ಕೆಲಸ ಹಗಲೂ ರಾತ್ರಿಯೂ ನಡೆಯಬೇಕಲ್ಲ. ಆದರೆ ಅದರ ಅಗಲ ಒಂದು ಮೈಕ್ರೋಮೀಟರಿನ ಒಳಗೆ, ಬಣ್ಣವೂ ಇಲ್ಲ. ಕ್ಲೋರೋಪ್ಲಾಸ್ಟ್ ಸುಮಾರು 5 ಮೈಕ್ರೋಮೀಟರ್ ಇದ್ದು ಹಸಿರಾಗಿರುವುದರಿಂದ ಸುಲಭವಾಗಿ ಕಾಣುತ್ತದೆ. ಅಯೋಡಿನ್‌ನಿಂದ ನಿಮಗೆ ಕಂದುಹಳದಿ ಚುಕ್ಕೆಯಾಗಿ ಕಂಡದ್ದು ಕೋಶಕೇಂದ್ರ.