ಆಮೆ ವೇಷದವರ ಸಿಟ್ಟು, ನಮ್ಮ ಬೋಟಿನವರ ಸಿಟ್ಟು

ಪ್ರಶ್ನೆ: ಜಾಗತಿಕ ವ್ಯಾಪಾರ ನೀತಿ ವಿರುದ್ಧ ರೈತರು, ಮೀನುಗಾರರು, ಕಾರ್ಮಿಕ ಸಂಘದವರು, ಪರಿಸರದವರು ಎಲ್ಲರೂ ಬೀದಿಗಿಳಿಯುತ್ತಾರೆ. ಇವರಿಗೆಲ್ಲ ಬೇಕಾಗಿರುವುದು ಒಂದೇನಾ?
– ಓದುಗರು, ಮಲ್ಪೆ

ಒಂದೇ ಅಲ್ಲ. ಪ್ರತಿ ಸಲ ಡಬ್ಲ್ಯುಟಿಒ, ಅಂದರೆ ದೇಶಗಳ ನಡುವಿನ ವ್ಯಾಪಾರದ ನಿಯಮ, ಜಗಳ ನೋಡಿಕೊಳ್ಳುವ ವಿಶ್ವ ವ್ಯಾಪಾರ ಸಂಸ್ಥೆಯ ಸಭೆ ಹತ್ತಿರ ಬಂದಾಗ ಇದೇ ಪ್ರಶ್ನೆ ಬರುತ್ತದೆ. ಡಬ್ಲ್ಯುಟಿಒ ಶುರುವಾಗಿದ್ದು 1995ರಲ್ಲಿ.

ನೀವು ಮಲ್ಪೆಯವರು, ಸಿಗಡಿಯ ವಿಷಯವನ್ನೇ ಹೇಳುತ್ತೇನೆ. ಕಡಲಾಮೆ ತಪ್ಪಿಸಿಕೊಳ್ಳಲು ದಾರಿ ಇಲ್ಲದ ಟ್ರಾಲ್ ಬಲೆಯಲ್ಲಿ ಹಿಡಿದ ಸಿಗಡಿ ಬೇಡ ಎಂದು ಅಮೆರಿಕ ತಡೆ ಹಾಕಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಡಬ್ಲ್ಯುಟಿಒಗೆ ದೂರು ಕೊಟ್ಟವು. 1998ರಲ್ಲಿ ಅಮೆರಿಕ ಸೋತಿತು. ಮರುವರ್ಷ ಅಮೆರಿಕದ ಸಿಯಾಟಲ್‌ನಲ್ಲಿ ಡಬ್ಲ್ಯುಟಿಒ ಸಭೆ ನಡೆದಾಗ ಪರಿಸರದವರು ಕಡಲಾಮೆ ವೇಷ ಹಾಕಿಕೊಂಡು ಬೀದಿಗಿಳಿದರು. ಅವರ ಸಿಟ್ಟೆಲ್ಲ ನಾವು ಗೆದ್ದ ಕೇಸಿನ ಮೇಲೆ! ಪಕ್ಕದಲ್ಲೇ ಅಮೆರಿಕದ ಉಕ್ಕು ಕಾರ್ಮಿಕರು. ಅಗ್ಗದ ಉಕ್ಕು ಬಂದು ಕೆಲಸ ಹೋಗುತ್ತದೆ ಎಂಬ ಭಯ ಅವರದು. ಕಾರ್ಮಿಕ ನಿಯಮ ಪಾಲಿಸದ ದೇಶದ ಸರಕು ತಡೆಯಿರಿ ಎಂದು ಸಂಘಗಳು ಹೊರಗೆ ಕೂಗುತ್ತಿದ್ದವು. ಅದೊಂದು ಮಾತ್ರ ಬೇಡ ಎಂದು ಒಳಗೆ ಬಡ ದೇಶಗಳ ಮಂತ್ರಿಗಳು ಹಟ ಹಿಡಿದಿದ್ದರು. ದೊಡ್ಡ ದೇಶಗಳು ಬಾಗಿಲು ಹಾಕಿಕೊಂಡು ಮಾತಾಡುತ್ತವೆ ಎಂಬ ಸಿಟ್ಟು ಅವರಿಗೆ ಬೇರೆ.

"ಡಬ್ಲ್ಯುಟಿಒ ಆಮೆಗಳನ್ನು ಕೊಲ್ಲಿಸಿತು" ಎಂದು ಭಾಷಣ ಮಾಡುವವರು ತೀರ್ಪು ಓದಿದವರಲ್ಲ. ಆಮೆ ಉಳಿಸುವುದು ತಪ್ಪು ಎಂದು ಅದರಲ್ಲಿ ಎಲ್ಲೂ ಇಲ್ಲ. ದೇಶಕ್ಕೊಂದು ರೀತಿ ಜಾರಿ ಮಾಡಿದ್ದು ತಪ್ಪು ಎಂದಿತ್ತು, ಅಷ್ಟೇ. ಅಮೆರಿಕ ತಿದ್ದಿಕೊಂಡ ಮೇಲೆ, 2001ರಲ್ಲಿ, ತಡೆ ಸರಿ ಎಂದೇ ತೀರ್ಪಾಯಿತು.

ಸಿಯಾಟಲ್ ದೂರವಾಯಿತು ಅಂದರೆ ನಮ್ಮ ಗೇರುಬೀಜ ನೋಡಿ. ಆಫ್ರಿಕಾದಿಂದ ತರಿಸುವ ಕಚ್ಚಾ ಬೀಜಕ್ಕೆ ಸುಂಕವೇ ಬೇಡ ಎನ್ನುತ್ತಾರೆ ಮಂಗಳೂರಿನ ಕಾರ್ಖಾನೆಯವರು. 2018ರ ಬಜೆಟ್‌ನಲ್ಲಿ ಅದು ಶೇ 5ರಿಂದ 2.5ಕ್ಕೆ ಇಳಿಯಿತು. ಆದರೆ ಹೊರದೇಶದಿಂದ ಸಿದ್ಧ ತಿರುಳು ಬಂದರೆ ತಡೆಯಿರಿ ಎನ್ನುವವರೂ ಇವರೇ. ಗುಡ್ಡದಲ್ಲಿ ಗೇರು ಬೆಳೆಯುವವರನ್ನು ಕೇಳಿ, ಕಚ್ಚಾ ಬೀಜವೂ ಬರಬಾರದು ಎನ್ನುತ್ತಾರೆ. ಇದರಲ್ಲಿ ಮೋಸ ಏನಿಲ್ಲ. ಯಾರಿಗೆ ಎಲ್ಲಿ ಪೆಟ್ಟು ಬೀಳುತ್ತದೋ ಅಲ್ಲಿ ಕೂಗುತ್ತಾರೆ, ಅಲ್ವಾ? ಹಾಗಾಗಿ ಮುಂದಿನ ಸಲ ಮೆರವಣಿಗೆ ಕಂಡರೆ ಬ್ಯಾನರ್ ಓದಿ ಸುಮ್ಮನಾಗಬೇಡಿ. ಯಾವ ಸರಕು, ಎಷ್ಟು ಸುಂಕ ಎಂದು ಕೇಳಿ.

ಪ್ರಶ್ನೆ: ಈ ಪ್ರತಿಭಟನೆಗಳೆಲ್ಲ ವಿದೇಶಿ ದುಡ್ಡಿನಲ್ಲಿ ನಡೆಯುವುದು ನಿಜವೇ?
– ಓದುಗರು, ಉಡುಪಿ

ಪುರಾವೆ ಇದ್ದರೆ ಕಳಿಸಿ. ವಾಟ್ಸಾಪ್ ಫಾರ್ವರ್ಡ್ ಬೇಡ.

ಪ್ರಶ್ನೆ: ಭಾರತ ಡಬ್ಲ್ಯುಟಿಒಯಿಂದ ಹೊರಬಂದರೆ ಅಡಿಕೆ ಧಾರಣೆ ಏರುತ್ತದಾ?
– ಓದುಗರು, ಬಂಟ್ವಾಳ

ಅಡಿಕೆಯ ಕನಿಷ್ಠ ಆಮದು ಬೆಲೆ (ಇದಕ್ಕಿಂತ ಅಗ್ಗಕ್ಕೆ ಹೊರಗಿನಿಂದ ತರಿಸುವಂತಿಲ್ಲ) ಕಿಲೋಗೆ 251ರಿಂದ 351 ರೂಪಾಯಿಗೆ ಏರಿದ್ದು 2023ರಲ್ಲಿ, ನಾವು ಒಳಗಿದ್ದಾಗಲೇ. ಕಳ್ಳದಾರಿಯಲ್ಲಿ ಬರುವ ಅಡಿಕೆ ಯಾವ ಒಪ್ಪಂದವನ್ನೂ ಕೇಳುವುದಿಲ್ಲ. ಮುಂದಿನ ತಿಂಗಳ ಧಾರಣೆಯನ್ನು ಯೂಟ್ಯೂಬಿನಲ್ಲಿ ಹೇಳುವ ಜ್ಯೋತಿಷಿಗಳನ್ನು ನಂಬಿ ಅಡಿಕೆ ಕಟ್ಟಿಡಬೇಡಿ. ಸಾಲ ಇದ್ದರೆ ಅದಕ್ಕೆ ಬೇಕಾದಷ್ಟು ಈಗಲೇ ಮಾರಿ.