ನಂಬಲೇಬೇಕು ಅಂತ ಹೊರಟವರ ಕಥೆ

ಮನಸ್ಸಿನ ಕಷ್ಟ ಹೇಳಿಕೊಳ್ಳಲು ನನ್ನ ಹತ್ತಿರ ಬಂದವರೊಬ್ಬರ ಕಥೆ ಇದು. ಊರು, ವಯಸ್ಸು, ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅವರು ಒಪ್ಪಿದ್ದಾರೆ.

ಹೊಸನಗರ ಕಡೆಯವರು. 35ರ ಆಸುಪಾಸು. ಅಡಿಕೆ ತೋಟ ಇದೆ. ಅಪ್ಪ ತೀರಿಕೊಂಡ ಮೇಲೆ, ತೋಟದ ಮೂಲೆಯ ದೇವತೆ ಚೌಡಿಗೆ ವರ್ಷಕ್ಕೊಮ್ಮೆ ಮಾಡುತ್ತಿದ್ದ ಪೂಜೆಯನ್ನು ಇವರು ನಿಲ್ಲಿಸಿದರು. ತನಗೆ ಅದರಲ್ಲಿ ನಂಬಿಕೆ ಇಲ್ಲ ಅಂತ. ಮರುವರ್ಷ ಕೊಳೆರೋಗ ಬಂದು ಅರ್ಧ ಫಸಲು ಉದುರಿತು. "ಚೌಡಿ ಮುನಿದಳು" ಅಂದ ಅಮ್ಮ ಆಮೇಲೆ ಮಾತೇ ಕಡಿಮೆ ಮಾಡಿದರು.

"ಮೇಡಂ, ಅಮ್ಮನ ಹಾಗೆ ನಂಬಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೀನಿ. ಆರು ತಿಂಗಳಿಂದ ದಿನಾ ದೀಪ ಹಚ್ತೀನಿ. ಒಳಗೆ ಏನೂ ಆಗ್ತಿಲ್ಲ. ನನ್ನ ಮನಸ್ಸೇ ಸರಿ ಇಲ್ವಾ?"

ಇನ್ನೊಂದು ಕಡೆ, ತೋಟ ಹಾಳಾಗಿದ್ದು ತನ್ನಿಂದಲೇ ಅನ್ನುವ ಯೋಚನೆ ರಾತ್ರಿ ಮಲಗಲು ಬಿಡುತ್ತಿರಲಿಲ್ಲ. ಚೌಡಿಯನ್ನು ನಂಬಲು ಆಗದವರಿಗೆ ಅವಳ ಸಿಟ್ಟು ಮಾತ್ರ ನಿಜ ಅನ್ನಿಸುತ್ತಿತ್ತು. ಇದನ್ನು ನಾನು ತುಂಬಾ ಜನರಲ್ಲಿ ನೋಡಿದ್ದೇನೆ. ಬಾ ಅಂದ ನಂಬಿಕೆ ಬರುವುದಿಲ್ಲ, ಹೋಗು ಅಂದದ್ದು ಹೋಗುವುದಿಲ್ಲ.

ಅವತ್ತು ಹೊರಗೆ ಜುಲೈ ಮಳೆ ಹೆಂಚಿನ ಮೇಲೆ ಹೊಡೆಯುತ್ತಿತ್ತು. "ಸಾವಿರ ರೂಪಾಯಿ ಕೊಡ್ತೀನಿ, ಮಳೆ ಬರ್ತಿಲ್ಲ ಅಂತ ಒಂದು ನಿಮಿಷ ನಂಬಿ ನೋಡೋಣ" ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. "ಬಾಯಲ್ಲಿ ಹೇಳಬಹುದು ಅಷ್ಟೇ" ಅಂದರು. ಹಾಗಿದ್ದ ಮೇಲೆ ಆರು ತಿಂಗಳಿಂದ ನಿಮ್ಮನ್ನು ನೀವು ಬೈದುಕೊಂಡಿದ್ದು ಯಾಕೆ ಅಂತ ಕೇಳಿದೆ. ಅತ್ತರು.

17ನೇ ಶತಮಾನದ ಫ್ರಾನ್ಸಿನ ಗಣಿತಜ್ಞ ಪಾಸ್ಕಲ್, ನಂಬಲು ಆಗದವರಿಗೆ, ನಂಬಿದವರು ಮಾಡುವುದನ್ನೇ ಮಾಡುತ್ತಾ ಹೋಗಿ, ನಂಬಿಕೆ ಹಿಂದಿನಿಂದ ಬರುತ್ತದೆ ಅಂದಿದ್ದ. ಕೆಲವರಿಗೆ ಬರುತ್ತದೆ ಕೂಡ. ಆದರೆ ಇವರಿಗೂ ಬರುತ್ತದೆ ಅಂತ ಹೇಳಲು ನನಗೆ ಮನಸ್ಸಾಗಲಿಲ್ಲ. ಬರದಿದ್ದರೆ ಅದೂ ಇನ್ನೊಂದು ಹೊರೆ ಅಲ್ವಾ?

ಕೊಳೆರೋಗದ ಮದ್ದು ಯಾವಾಗ ಹೊಡೆಸಿದ್ರಿ ಅಂತ ಕೇಳಿದೆ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು. ಆ ವರ್ಷ ಮಳೆ ಬಿಡಲೇ ಇಲ್ಲ, ಬಿಟ್ಟಾಗ ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರರು ಸಿಗಲಿಲ್ಲ, ಎರಡನೇ ಮದ್ದು ತುಂಬಾ ತಡವಾಯಿತು ಅಂದರು. ಇದನ್ನು ಅವರು ಯಾರ ಹತ್ತಿರವೂ ಹೇಳಿರಲಿಲ್ಲ. ಆಗ ಒಂದು ಕೆಲಸ ಕೊಟ್ಟೆ. ಮೈಲುತುತ್ತ ತಂದ ಚೀಟಿ ಹುಡುಕಿ ತಾರೀಖು ಬರೆಯಿರಿ. ಚೌಡಿ ಪೂಜೆ ಬಿಡದ ನಾಲ್ಕು ಮನೆಯವರನ್ನು ಅವರ ತೋಟದ ಬಗ್ಗೆ ಕೇಳಿ. ನಿಮಗೆ ಬೇಡವಾದ ಉತ್ತರ ಬಂದರೂ ಬರೆಯಲೇಬೇಕು. ನಂಬಿಕೆ ನಮ್ಮ ಕೈಯಲ್ಲಿಲ್ಲ, ಆದರೆ ಎಲ್ಲಿ ನೋಡಬೇಕು, ಯಾರನ್ನು ಕೇಳಬೇಕು ಅನ್ನುವುದು ನಮ್ಮ ಕೈಯಲ್ಲೇ ಇದೆ.

ಮೂರು ವಾರ ಬಿಟ್ಟು ಬಂದರು. ನಾಲ್ಕರಲ್ಲಿ ಮೂರು ತೋಟಕ್ಕೂ ಕೊಳೆ ಬಂದಿತ್ತು. ಕೊಳೆ ಬಾರದ ಒಂದು ತೋಟದವರು ಮಳೆ ಬಿಟ್ಟ ಎರಡೇ ದಿನದಲ್ಲಿ ಮದ್ದು ಹೊಡೆಸಿದ್ದರು. ಭಯ ಪೂರ್ತಿ ಹೋಗಿಲ್ಲ, ನಿದ್ದೆ ಮಾತ್ರ ಬರುತ್ತಿದೆ ಅಂದರು. ನನಗೆ ಅಷ್ಟು ಸಾಕಿತ್ತು.

ಅಮ್ಮನ ವಿಷಯಕ್ಕೆ ಹೇಳಿದ್ದು: ನಂಬಿದ್ದೀನಿ ಅಂತ ಸುಳ್ಳು ಹೇಳಬೇಡಿ, ಅಮ್ಮಂದಿರಿಗೆ ಅದು ಗೊತ್ತಾಗುತ್ತದೆ. "ನನಗೆ ನಂಬಿಕೆ ಬರ್ತಿಲ್ಲ ಅಮ್ಮ, ಆದ್ರೆ ನೀನು ಪೂಜೆಗೆ ಹೋಗುವಾಗ ನಾನೂ ಬರ್ತೀನಿ" ಅಂತ ಹೇಳಿ. ಹೇಳಿದರು. ಎರಡು ದಿನ ಅಮ್ಮ ಮಾತಾಡಲಿಲ್ಲವಂತೆ. ಮೂರನೇ ದಿನ ಹೂ ಕೊಯ್ಯಲು ಕರೆದರಂತೆ.

ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಬರುತ್ತಾರೆ. ಅಪ್ಪ ಹೋದಾಗಿನಿಂದ ಅವರ ಬಗ್ಗೆ ಈ ಇಬ್ಬರೂ ಒಂದು ಸಲವೂ ಕೂತು ಮಾತಾಡಿಲ್ಲ.